ನಗದೆ ನಗಿಸಿದ ನಟ: ಬಸ್ಟರ್ ಕೀಟನ್

ಹಾಸ್ಯನಟರ ಚರಿತ್ರೆಯನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ವಿರಳವಾಗಿದೆ. ನಾಯಕನ ಪಾತ್ರ ವಹಿಸಿದವನಿಗೆ, ಹಾಡಿ ಹೆಸರಾದವನಿಗೆ ಇರುವ ಮನ್ನಣೆ ವಿದೂಷಕನಿಗೆ ದೊರೆಯುವುದಿಲ್ಲ. ಮನಸಾರೆ ನಕ್ಕು ಮನೆಗೆ ಹೊರಟ ಪ್ರೇಕ್ಷಕನು ಆ ನಗೆಯ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿತ್ತು, ಎಷ್ಟು ಲೆಕ್ಕಾಚಾರವಿತ್ತು ಎಂದು ವಿಚಾರಿಸುವುದೂ ಇಲ್ಲ. ಈ ಕೊರತೆಯನ್ನು ಕಿಂಚಿತ್ತಾದರೂ ತುಂಬಬೇಕೆಂಬ ಉದ್ದೇಶದಿಂದ ನಾವು ಇಲ್ಲಿ ಅಮೆರಿಕ ದೇಶದ ಹಾಸ್ಯನಟನೊಬ್ಬನ ವೃತ್ತಿಜೀವನವನ್ನು ಪರಿಶೀಲಿಸಲು ತೊಡಗಿದ್ದೇವೆ. ಚಾರ್ಲಿ ಚಾಪ್ಲಿನ್ನನ ಹೆಸರನ್ನು ಅರಿಯದ ವಿದ್ಯಾರ್ಥಿ ಇಲ್ಲ. ಆತನ ಸಮಕಾಲೀನನೂ ಸರಿಸಮಾನನೂ ಆದ ಬಸ್ಟರ್ ಕೀಟನ್ನನ ಹೆಸರು ಮಾತ್ರ ನಮ್ಮ ಶಾಲೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ವಾಕ್ಚಿತ್ರ ಬಂದೊಡನೆ ಮೂಕಚಿತ್ರದ ನಟರೆಲ್ಲರೂ ಮೂಲೆಗುಂಪಾದರು ಎಂಬ ಮಾತು ಚಲಚ್ಚಿತ್ರದ ಇತಿಹಾಸದಲ್ಲಿ ಗಾದೆಯಂತೆ ಸಲ್ಲುತ್ತಿದೆ. ಕೀಟನ್ನನ ಪತನಕ್ಕೂ ಇದನ್ನೇ ಕಾರಣವಾಗಿ ಹೇಳುವ ರೂಢಿ ಇದೆ. ಆದರೆ ಅವನ ಬಾಳಿನ ಸಂಗತಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದರೆ ಈ ಗಾದೆ ನಿಲ್ಲುವುದಿಲ್ಲ. ಅವನನ್ನು ಕೆಡವಿದ್ದು ಮಾತಲ್ಲ, ಒಂದು ಕರಾರುಪತ್ರ. ಅವನನ್ನು ಮತ್ತೆ ಎತ್ತಿ ನಿಲ್ಲಿಸಿದುವುಗಳಲ್ಲಿ ಟೆಲಿವಿಷನ್ ಎಂಬ ಪುಟ್ಟ ಪೆಟ್ಟಿಗೆಯೂ ಒಂದು. ಇದನ್ನು ತೋರಿಸುವುದೇ ಈ ಲೇಖನದ ಗುರಿ.

ಜೋಸೆಫ್ ಫ್ರಾಂಕ್ ಕೀಟನ್ 1895ನೆಯ ಅಕ್ಟೋಬರ್ 4ರಂದು ಕಾನ್ಸಾಸ್ ಸಂಸ್ಥಾನದ ಪಿಕ್ವಾ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಜೋ, ತಾಯಿ ಮೈರಾ. ಇಬ್ಬರೂ ಊರಿಂದೂರಿಗೆ ಅಲೆಯುತ್ತ, ಔಷಧ ಮಾರುವವರ ಗುಂಪಿನೊಡನೆ ಆಟ ಕಟ್ಟುತ್ತಿದ್ದವರು. ಆ ಅಲೆದಾಟದ ನಡುವೆ ಒಂದು ರಾತ್ರಿ ತಂಗಿದ್ದ ಊರೇ ಮಗುವಿನ ಜನ್ಮಸ್ಥಳವಾಯಿತು. ಶಿಶುವಾಗಿದ್ದಾಗ ಮೆಟ್ಟಿಲುಗಳಿಂದ ಉರುಳಿಬಿದ್ದೂ ಗಾಯವಿಲ್ಲದೆ ಎದ್ದು ಕುಳಿತನೆಂದೂ, ಅದನ್ನು ಕಂಡ ಪ್ರಸಿದ್ಧ ಜಾದೂಗಾರ ಹೌಡಿನಿಯು ‘ಬಸ್ಟರ್’ ಎಂಬ ಹೆಸರನ್ನು ಕೊಟ್ಟನೆಂದೂ ಕೀಟನ್ನನ ಮನೆಯವರು ಹೇಳುತ್ತಿದ್ದರು. ಆ ಕಾಲದ ರಂಗಭೂಮಿಯ ಜನರ ಮಾತಿನಲ್ಲಿ ಬಸ್ಟರ್ ಎಂದರೆ ಜೋರಾದ ಬೀಳು. ಹೌಡಿನಿಯ ಪಾತ್ರವನ್ನು ಚರಿತ್ರಕಾರರು ಸಂಶಯದಿಂದ ಕಾಣುತ್ತಾರೆ. ಹೆಸರಂತೂ ಉಳಿಯಿತು.

ಆಗ ಅಮೆರಿಕದಲ್ಲಿ ‘ವಾಡ್ವಿಲ್’ ಎಂಬ ವಿನೋದ ರಂಗಭೂಮಿ ಪ್ರಬಲವಾಗಿತ್ತು. ಒಂದೇ ಸಂಜೆಯಲ್ಲಿ ಹಾಡು, ಕುಣಿತ, ದೊಂಬರಾಟ, ಪ್ರಹಸನ ಎಲ್ಲವೂ ಒಂದರ ಹಿಂದೊಂದು ಬರುತ್ತಿದ್ದುವು. ಕೀಟನ್ ಕುಟುಂಬದ ಆಟದಲ್ಲಿ ತುಂಟ ಮಗನನ್ನು ತಂದೆಯು ಶಿಕ್ಷಿಸುವುದೇ ಕಥೆ. ಬಾಲಕನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿಯೊಂದನ್ನು ಹೊಲಿದಿದ್ದರು. ತಂದೆಯು ಅದನ್ನು ಹಿಡಿದೆತ್ತಿ ಮಗನನ್ನು ರಂಗದ ಆಚೆಗೂ ಈಚೆಗೂ ಎಸೆಯುತ್ತಿದ್ದನು. ಹೇಗೆ ಬೀಳಬೇಕು, ಯಾವ ಅಂಗವನ್ನು ಸಡಿಲಬಿಡಬೇಕು, ಯಾವುದನ್ನು ಬಿಗಿಹಿಡಿಯಬೇಕು ಎಂಬ ವಿದ್ಯೆಯನ್ನು ಹುಡುಗನು ಅಕ್ಷರಾಭ್ಯಾಸದ ವಯಸ್ಸಿನಲ್ಲಿಯೇ ಕಲಿತನು. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿಯ ವೇಷದಿಂದ ಆರಂಭಿಸಿ ರಂಗದ ಮೇಲೆಯೇ ಹೆಜ್ಜೆ ಕಲಿಯುವ ಬಾಲಕರನ್ನು ಬಲ್ಲ ನಮ್ಮ ಓದುಗರಿಗೆ ಈ ಬಗೆಯ ಶಿಕ್ಷಣವು ಹೊಸತಾಗಿ ತೋರದು.

ಈ ಆಟದಲ್ಲಿಯೇ ಅವನಿಗೆ ತನ್ನ ಜೀವಮಾನದ ಸೂತ್ರವು ದೊರೆಯಿತು. ತಾನು ಬಿದ್ದಾಗ ನಕ್ಕರೆ ಜನರು ನಗುವುದಿಲ್ಲ. ಏನೂ ಆಗದವನಂತೆ ಗಂಭೀರವಾಗಿ ಎದ್ದು ನಿಂತರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆ ನಿಶ್ಚಲ ಮುಖವೇ ಮುಂದೆ ‘ಕಲ್ಲುಮೋರೆ’ ಎಂದು ಲೋಕಪ್ರಸಿದ್ಧವಾಯಿತು. ಇದು ಕೇವಲ ವಿನೋದದ ಕಥೆ ಎಂದು ನಾವು ತಿಳಿಯಬಾರದು. ಮಕ್ಕಳ ರಕ್ಷಣೆಗಾಗಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾಗಿದ್ದ ಸಂಘದವರು ಕೀಟನ್ ದಂಪತಿಗಳ ಮೇಲೆ ಪದೇಪದೇ ಆಕ್ಷೇಪಣೆ ತಂದರು. ತನಗೆ ಪೆಟ್ಟಾಗುತ್ತಿರಲಿಲ್ಲವೆಂದು ಕೀಟನ್ನನು ಕೊನೆಯವರೆಗೂ ವಾದಿಸಿದನು. ಆದರೂ ಕ್ರಮವಾದ ಶಾಲೆಯ ಭಾಗ್ಯವು ಅವನಿಗೆ ಇರಲಿಲ್ಲ ಎಂಬುದನ್ನು ಉಪಾಧ್ಯಾಯರಾದವರು ಮರೆಯಲಾರರು. ತಂದೆಯ ಕುಡಿತವು ಹೆಚ್ಚಿ, ಎಸೆಯುವ ಕೈ ನಂಬಲಾಗದಂತಾದಾಗ, 1917ರಲ್ಲಿ ಈ ಮೂವರ ಆಟವು ಮುರಿಯಿತು.

ಅದೇ ವರ್ಷ ನ್ಯೂಯಾರ್ಕಿನಲ್ಲಿ ರಾಸ್ಕೋ ಅರ್ಬಕಲ್ ಎಂಬ ಸ್ಥೂಲಕಾಯದ ಹಾಸ್ಯನಟನ ಪರಿಚಯವಾಯಿತು. ಅವನ ‘ದಿ ಬುಚರ್ ಬಾಯ್’ ಎಂಬ ಚಿತ್ರದಲ್ಲಿ ಕೀಟನ್ನನು ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡನು. ಕಾಕಂಬಿ ಕೊಳ್ಳಲು ಅಂಗಡಿಗೆ ಬಂದು, ತಂದ ಕಾಸನ್ನು ಪಾತ್ರೆಯೊಳಗೆ ಹಾಕಿ, ಅದರ ಮೇಲೆ ಕಾಕಂಬಿ ಹೊಯ್ಸಿಕೊಂಡು ಫಜೀತಿಪಡುವ ಗಿರಾಕಿಯ ಪಾತ್ರವದು. ಈ ಸಣ್ಣ ಪ್ರಸಂಗವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಮೂವತ್ತೆರಡು ವರ್ಷಗಳ ಮೇಲೆ ಅದು ಮತ್ತೆ ಬರಲಿದೆ. ಕೀಟನ್ನನನ್ನು ಆ ದಿನ ಸೆಳೆದದ್ದು ಅಭಿನಯಕ್ಕಿಂತ ಹೆಚ್ಚಾಗಿ ಕ್ಯಾಮರಾ ಯಂತ್ರ. ಅದನ್ನು ಎರವಲು ಪಡೆದು ಬಿಚ್ಚಿ, ಅದರ ಒಳಗನ್ನೆಲ್ಲ ಪರೀಕ್ಷಿಸಿ, ಮತ್ತೆ ಜೋಡಿಸಿದೆನೆಂದು ಅವನು ಹೇಳುತ್ತಿದ್ದನು.

1918ರಲ್ಲಿ ಸೈನಿಕನಾಗಿ ಫ್ರಾನ್ಸಿಗೆ ಹೋಗಿ, ಕಿವಿಯ ಬೇನೆಯಿಂದ ಶ್ರವಣಶಕ್ತಿಯನ್ನು ಭಾಗಶಃ ಕಳೆದುಕೊಂಡು ಹಿಂದಿರುಗಿದನು. 1920ರಲ್ಲಿ ನಿರ್ಮಾಪಕ ಜೋಸೆಫ್ ಷೆಂಕ್ ಅವನಿಗೆ ಸ್ವಂತ ಸ್ಟುಡಿಯೋವನ್ನು ಒದಗಿಸಿದನು. ಅಲ್ಲಿಂದ 1928ರವರೆಗಿನ ಕಾಲವೇ ಕೀಟನ್ನನ ಸುವರ್ಣಯುಗ. ಹತ್ತೊಂಬತ್ತು ಕಿರುಚಿತ್ರಗಳು, ಹತ್ತು ದೊಡ್ಡ ಚಿತ್ರಗಳು ಈ ಅವಧಿಯಲ್ಲಿ ಹೊರಬಂದುವು.

ಆ ಸ್ಟುಡಿಯೋದ ಕೆಲಸದ ರೀತಿಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಬರೆದಿಟ್ಟ ಸಂಭಾಷಣೆಯ ಪುಸ್ತಕವಾಗಲಿ, ದೃಶ್ಯಗಳ ಪಟ್ಟಿಯಾಗಲಿ ಅಲ್ಲಿ ಇರಲಿಲ್ಲ. ಕಥೆಯ ಆದಿ ಯಾವುದು, ಅಂತ್ಯ ಯಾವುದು ಎಂಬುದಷ್ಟು ನಿಶ್ಚಯವಾದರೆ ಸಾಕು. ನಡುವಣ ಭಾಗವು ಕೆಲಸ ಮಾಡುತ್ತ ಹೊಳೆಯುವುದೆಂಬ ನಂಬಿಕೆ. ಏನೂ ಹೊಳೆಯದೆ ಹೋದರೆ ಎಲ್ಲರೂ ಕೂಡಿ ಬೇಸ್‌ಬಾಲ್ ಆಡುವರು. ಆಟದ ನಡುವೆ ಯಾರಿಗಾದರೂ ಉಪಾಯ ತೋಚಿದರೆ ಚೆಂಡು ಬಿಸುಟು ಕ್ಯಾಮರಾದ ಬಳಿಗೆ ಓಡುವರು. ಹೊರನೋಟಕ್ಕೆ ಇದು ಅಶಿಸ್ತು. ಒಳಗೆ ಮಾತ್ರ ಅತ್ಯಂತ ಕಠಿಣವಾದ ಲೆಕ್ಕಾಚಾರವಿತ್ತು.

ಎರಡು ಮೂರು ನಿದರ್ಶನಗಳನ್ನು ಕೊಡುವೆವು. 1921ರ ‘ದಿ ಪ್ಲೇಹೌಸ್’ ಚಿತ್ರದಲ್ಲಿ ಒಂದೇ ಸಾಲಿನಲ್ಲಿ ಒಂಬತ್ತು ಮಂದಿ ಕೀಟನ್ನರು ನಿಂತು ಕುಣಿಯುತ್ತಾರೆ. ಕ್ಯಾಮರಾದ ಮುಂದೆ ಒಂದು ಸೀಳನ್ನು ಮಾತ್ರ ತೆರೆದು, ಉಳಿದುದನ್ನು ಮುಚ್ಚಿ, ಅದೇ ಫಿಲ್ಮನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ ಚಿತ್ರಿಸಿದ ಚಮತ್ಕಾರವಿದು. ಅಂದಿನ ಕ್ಯಾಮರಾವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿಯ ಕೈಯ ವೇಗ ಪ್ರತಿಸಲವೂ ಒಂದೇ ಸಮನಾಗಿ ಇಲ್ಲದಿದ್ದರೆ ಒಂಬತ್ತು ಜನರ ತಾಳ ತಪ್ಪುತ್ತಿತ್ತು. 1924ರ ‘ಷೆರ್ಲಾಕ್ ಜೂನಿಯರ್’ ಚಿತ್ರದಲ್ಲಿ ರೈಲ್ವೆ ನೀರಿನ ತೊಟ್ಟಿಯ ಕೊಳವೆಯಿಂದ ಧುಮುಕಿದ ನೀರು ಅವನನ್ನು ಹಳಿಯ ಮೇಲೆ ಅಪ್ಪಳಿಸಿತು. ತಲೆನೋವೆಂದು ಸುಮ್ಮನಾದನು. ಕತ್ತಿನ ಮೂಳೆಯೇ ಮುರಿದಿತ್ತೆಂಬುದು ಹಲವು ವರ್ಷಗಳ ಮೇಲೆ ವೈದ್ಯರು ಕ್ಷಕಿರಣ ಚಿತ್ರ ತೆಗೆದಾಗ ತಿಳಿಯಿತು.

1926ರಲ್ಲಿ ತಯಾರಾದ ‘ದಿ ಜನರಲ್’ ಅಮೆರಿಕದ ಅಂತರ್ಯುದ್ಧದ ಒಂದು ನಿಜ ಘಟನೆಯನ್ನು ಆಧರಿಸಿದೆ. 1862ರಲ್ಲಿ ಉತ್ತರದವರು ದಕ್ಷಿಣದವರ ಒಂದು ರೈಲು ಎಂಜಿನನ್ನು ಕದ್ದು ಓಡಿಸಿದ್ದರು. ಚಿತ್ರದ ನಾಯಕನು ಆ ಎಂಜಿನಿನ ಚಾಲಕ. ಒರೆಗಾನ್ ಸಂಸ್ಥಾನದ ಕಾಟೇಜ್ ಗ್ರೋವ್ ಎಂಬಲ್ಲಿ ಚಿತ್ರೀಕರಣ ನಡೆಯಿತು. ಉರಿಯುವ ಸೇತುವೆ ಕುಸಿದು ನಿಜವಾದ ಎಂಜಿನೇ ಹೊಳೆಗೆ ಉರುಳುವ ದೃಶ್ಯವಿದೆ. ಅದನ್ನು ಎರಡನೆಯ ಸಲ ತೆಗೆಯಲು ಸಾಧ್ಯವಿರಲಿಲ್ಲ. ಇಂದು ಜಗತ್ತಿನ ಶ್ರೇಷ್ಠ ಚಿತ್ರಗಳಲ್ಲಿ ಎಣಿಕೆಯಾಗುವ ಈ ಕೃತಿಯನ್ನು ಅಂದಿನ ವಿಮರ್ಶಕರು ಬೇಸರದಿಂದ ಕಂಡರು. ಹಾಕಿದ ಹಣಕ್ಕೆ ತಕ್ಕ ಆದಾಯ ಬರಲಿಲ್ಲ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಬಿರುಗಾಳಿಗೆ ಸಿಕ್ಕಿದ ಮನೆಯ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ಮೇಲಂತಸ್ತಿನ ತೆರೆದ ಕಿಟಕಿಯ ಜಾಗದಲ್ಲಿ ಅವನು ನಿಂತಿರುವುದರಿಂದ ಬದುಕುತ್ತಾನೆ. ಗೋಡೆ ನಿಜವಾದದ್ದು, ಕಿಟಕಿಯ ಚೌಕಟ್ಟಿಗೂ ಅವನ ಮೈಗೂ ನಡುವೆ ಕೆಲವು ಅಂಗುಲಗಳ ಅಂತರ ಮಾತ್ರ. ನಿಂತ ಜಾಗ ಸ್ವಲ್ಪ ತಪ್ಪಿದ್ದರೆ ಈ ಲೇಖನವು ಇಲ್ಲಿಗೇ ಮುಗಿಯುತ್ತಿತ್ತು.

ಇಂತಹ ಸಾಹಸಗಳನ್ನು ಅವನು ಸಾಧ್ಯವಾದಷ್ಟು ಮಟ್ಟಿಗೆ ದೂರದಿಂದ, ಇಡೀ ದೇಹ ಕಾಣುವಂತೆ, ಕತ್ತರಿ ಹಾಕದೆ ತೋರಿಸುತ್ತಿದ್ದನು. ತುಂಡು ಮಾಡಿ ಜೋಡಿಸಿದರೆ ಜನರು ಮೋಸವೆಂದು ಬಗೆಯುವರು, ಮೋಸವೆಂದು ತಿಳಿದಲ್ಲಿ ನಗೆ ಹುಟ್ಟದು ಎಂಬುದು ಅವನ ಸಿದ್ಧಾಂತ. ಹಾಸ್ಯಕ್ಕೂ ಸತ್ಯಕ್ಕೂ ಇರುವ ಈ ಸಂಬಂಧವನ್ನು ಕೀಟನ್ನನಷ್ಟು ನಿಷ್ಠೆಯಿಂದ ಪಾಲಿಸಿದವರು ಕಡಿಮೆ.

1928ರಲ್ಲಿ ಷೆಂಕನ ಸಲಹೆಯಂತೆ ಕೀಟನ್ನನು ತನ್ನ ಸ್ಟುಡಿಯೋವನ್ನು ಬಿಟ್ಟು ಮೆಟ್ರೋ ಗೋಲ್ಡ್ವಿನ್ ಮೇಯರ್ ಎಂಬ ದೊಡ್ಡ ಕಂಪನಿಯ ಕರಾರಿಗೆ ಸಹಿ ಹಾಕಿದನು. ಬೇಡವೆಂದು ಚಾಪ್ಲಿನ್ನನೂ ಹೆರಾಲ್ಡ್ ಲಾಯ್ಡನೂ ಎಚ್ಚರಿಸಿದ್ದರು. ವಾರಕ್ಕೆ 3,000 ಡಾಲರ್ ಸಂಬಳ. ಸಂಬಳಕ್ಕೆ ಕೊರತೆಯಿರಲಿಲ್ಲ, ಕೊರತೆಯಾದುದು ಸ್ವಾತಂತ್ರ್ಯಕ್ಕೆ. ಆ ಕಂಪನಿಯಲ್ಲಿ ಪ್ರತಿ ಚಿತ್ರವೂ ಮೊದಲು ಕಾಗದದ ಮೇಲೆ ಪೂರ್ತಿಯಾಗಬೇಕು, ಹಲವರ ಒಪ್ಪಿಗೆ ಪಡೆಯಬೇಕು, ಆ ಮೇಲೆ ಬರೆದಂತೆಯೇ ನಡೆಯಬೇಕು. ದುಬಾರಿ ನಟನು ಕೈಕಾಲು ಮುರಿದುಕೊಂಡಾನೆಂಬ ಭಯದಿಂದ ಸಾಹಸಗಳಿಗೂ ತಡೆ ಬಿತ್ತು. ಮೊದಲನೆಯ ಚಿತ್ರವಾದ ‘ದಿ ಕ್ಯಾಮರಾಮನ್’ನಲ್ಲಿ ಹೋರಾಡಿ ಕೊಂಚ ಸ್ವಾತಂತ್ರ್ಯವನ್ನು ಉಳಿಸಿಕೊಂಡನು, ಅದು ಉತ್ತಮ ಚಿತ್ರವಾಯಿತು. ಅಲ್ಲಿಂದ ಮುಂದೆ ಇಳಿಜಾರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವನ ವಾಕ್ಚಿತ್ರಗಳು ಹಣ ತಂದುವು. ಅವನ ಧ್ವನಿಗೂ ದೋಷವಿರಲಿಲ್ಲ. ಒರಟಾದ ಆ ಕಂಠವು ಪಾತ್ರಕ್ಕೆ ಒಪ್ಪುತ್ತಿತ್ತು. ಆಗಿನ್ನೂ ಮಾತನ್ನು ಬೇರೆ ಭಾಷೆಗೆ ಒಗ್ಗಿಸಿ ಕೂಡಿಸುವ ವಿಧಾನ ಪಳಗಿರಲಿಲ್ಲವಾದ್ದರಿಂದ, ಹೊರದೇಶಗಳಿಗಾಗಿ ಅದೇ ಚಿತ್ರವನ್ನು ಮತ್ತೆ ಅಭಿನಯಿಸಬೇಕಾಗಿತ್ತು. ಕೀಟನ್ನನು ಅರ್ಥ ತಿಳಿಯದ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ವಾಕ್ಯಗಳನ್ನು ಗಿಳಿಪಾಠದಂತೆ ಬಾಯಿಗೆ ತಂದುಕೊಂಡು ಆಡಿದನು. ಕೆಲವೇ ವರ್ಷಗಳ ಹಿಂದೆ ಒಂದು ಶಬ್ದವನ್ನೂ ಆಡದೆ ಆ ಎಲ್ಲ ದೇಶಗಳ ಜನರನ್ನೂ ನಗಿಸಿದವನು ಇವನೇ. ಎರಡು ಮೂರು ಭಾಷೆಗಳ ನಡುವೆ ನಿತ್ಯ ವ್ಯವಹರಿಸುವ ಗಡಿನಾಡಿನ ಶಾಲೆಯವರಿಗೆ ಈ ವಿಪರ್ಯಾಸದ ಕಹಿ ಬೇಗ ತಿಳಿಯುತ್ತದೆ. ಆಡುವ ಮಾತು ತನ್ನದಲ್ಲ, ಬರೆದ ಕಥೆ ತನ್ನದಲ್ಲ, ಮಾಡುವ ಚೇಷ್ಟೆಯೂ ತನ್ನದಲ್ಲ ಎಂಬ ಸ್ಥಿತಿಗೆ ಅವನು ಬಂದು ನಿಂತಿದ್ದನು.

ಮನೆಯಲ್ಲಿಯೂ ನೆಮ್ಮದಿ ಇರಲಿಲ್ಲ. ಕುಡಿತವು ಬಲವಾಯಿತು. 1932ರಲ್ಲಿ ಮೊದಲ ಪತ್ನಿ ನತಾಲಿ ಟಾಲ್ಮಜ್ ವಿಚ್ಛೇದನ ಪಡೆದಳು. ಇಬ್ಬರು ಗಂಡುಮಕ್ಕಳ ಹೆಸರಿನಿಂದ ಕೀಟನ್ ಎಂಬ ಕುಲನಾಮವೂ ಹೋಯಿತು. 1933ರಲ್ಲಿ ಕಂಪನಿಯು ಅವನನ್ನು ಕೆಲಸದಿಂದ ತೆಗೆದುಹಾಕಿತು. ತನ್ನ ಬಾಳಿನ ಅತಿ ದೊಡ್ಡ ತಪ್ಪು ಆ ಕರಾರಿಗೆ ಸಹಿ ಹಾಕಿದ್ದೇ ಎಂದು ಅವನು 1960ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದನು.

ಮುಂದಿನ ಹದಿನೈದು ವರ್ಷಗಳನ್ನು ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಗ್ಗದ ಕಂಪನಿಗಳಿಗಾಗಿ ಹಲವು ಕಿರುಚಿತ್ರಗಳನ್ನು ಮಾಡಿದನು. ತನ್ನನ್ನು ಹೊರಹಾಕಿದ ಕಂಪನಿಗೇ ಮರಳಿ, ವಾರಕ್ಕೆ 100 ಡಾಲರ್ ಸಂಬಳದ ಮೇಲೆ, ಇತರ ನಟರಿಗೆ ಹಾಸ್ಯದ ಉಪಾಯಗಳನ್ನು ಹೊಸೆದುಕೊಡುವ ಕೆಲಸ ಹಿಡಿದನು. ರೆಡ್ ಸ್ಕೆಲ್ಟನ್ ಎಂಬ ನಟನು 1948ರ ‘ಎ ಸದರ್ನ್ ಯಾಂಕಿ’ ಚಿತ್ರದಲ್ಲಿ ಎರಡು ಸೈನ್ಯಗಳ ನಡುವೆ ನಡೆಯುತ್ತಾನೆ: ಒಂದು ಮಗ್ಗುಲಿಗೆ ಉತ್ತರದವರ ಸಮವಸ್ತ್ರ, ಇನ್ನೊಂದು ಮಗ್ಗುಲಿಗೆ ದಕ್ಷಿಣದವರದು. ಎರಡು ಕಡೆಯವರೂ ಜಯಕಾರ ಮಾಡುತ್ತಾರೆ. ಈ ಉಪಾಯ ಕೀಟನ್ನನದು. ನಗೆಯ ಕೀರ್ತಿ ಸ್ಕೆಲ್ಟನ್ನನದು. ಈ ಕತ್ತಲೆಯ ಕಾಲದಲ್ಲಿ ಅವನಿಗೆ ಆಸರೆಯಾದವಳು 1940ರಲ್ಲಿ ಕೈಹಿಡಿದ ನೃತ್ಯಗಾತಿ ಎಲೀನರ್ ನಾರಿಸ್. 1947ರಲ್ಲಿ ಪ್ಯಾರಿಸ್ಸಿನ ಮೆದ್ರಾನೋ ಸರ್ಕಸ್ಸಿನಲ್ಲಿ ಆಡಿದಾಗ ಅಲ್ಲಿಯ ಜನರು ತನ್ನನ್ನು ಮರೆತಿಲ್ಲವೆಂದು ಅವನಿಗೆ ತಿಳಿಯಿತು.

1949ರಲ್ಲಿ ಗಾಳಿ ತಿರುಗಿತು. ಆ ಸೆಪ್ಟೆಂಬರಿನಲ್ಲಿ ಜೇಮ್ಸ್ ಏಜೀ ಎಂಬ ವಿಮರ್ಶಕನು ‘ಲೈಫ್’ ಪತ್ರಿಕೆಯಲ್ಲಿ ಮೂಕಹಾಸ್ಯದ ಯುಗವನ್ನು ಕುರಿತು ದೀರ್ಘವಾದ ಲೇಖನ ಬರೆದು, ಚಾಪ್ಲಿನ್, ಲಾಯ್ಡ್, ಲ್ಯಾಂಗ್ಡನ್ನರ ಪಂಕ್ತಿಯಲ್ಲಿ ಕೀಟನ್ನನನ್ನು ಕುಳ್ಳಿರಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಎಡ್ ವಿನ್ ಎಂಬ ವಿನೋದಗಾರನ ಟೆಲಿವಿಷನ್ ಕಾರ್ಯಕ್ರಮಕ್ಕೆ ಕೀಟನ್ನನು ಬಂದನು. ಅಲ್ಲಿ ಆಡಿದ್ದು ಯಾವುದು? 1917ರ ಆ ಕಾಕಂಬಿಯ ಪ್ರಸಂಗವೇ. ಐವತ್ತನಾಲ್ಕು ವಯಸ್ಸಿನ ದೇಹವು ಇಪ್ಪತ್ತೊಂದರ ಚೇಷ್ಟೆಯನ್ನು ಮರೆತಿರಲಿಲ್ಲ. ಅದೇ ಚಳಿಗಾಲದಲ್ಲಿ ಲಾಸ್ ಏಂಜಲೀಸ್ ನಗರದ ಸ್ಥಳೀಯ ನಿಲಯವೊಂದು ಅವನ ಹೆಸರಿನಲ್ಲಿಯೇ ವಾರದ ಕಾರ್ಯಕ್ರಮವನ್ನು ಆರಂಭಿಸಿತು.

ಚಲಚ್ಚಿತ್ರದ ದೊಡ್ಡ ನಟರು ಅಂದು ಟೆಲಿವಿಷನ್ನನ್ನು ಕೀಳಾಗಿ ಕಾಣುತ್ತಿದ್ದರು. ಕೀಟನ್ನನಿಗೆ ಆ ಬಿಗುಮಾನ ಇರಲಿಲ್ಲ. ಅದಕ್ಕೆ ಕಾರಣವನ್ನು ನಾವು ಅವನ ಬಾಲ್ಯದಲ್ಲಿ ಕಾಣುತ್ತೇವೆ. ಅಂದಿನ ಪ್ರಸಾರವು ಬಹುಪಾಲು ನೇರವಾಗಿತ್ತು. ಎದುರಿಗೆ ಪ್ರೇಕ್ಷಕರು ಕುಳಿತಿರುವರು, ಗಡಿಯಾರ ಓಡುತ್ತಿರುವುದು, ತಪ್ಪಿದರೆ ತಿದ್ದಲು ಅವಕಾಶವಿಲ್ಲ. ಇದು ವಾಡ್ವಿಲ್ಲಿನ ಸ್ಥಿತಿಯೇ ತಾನೆ? ಕಂಪನಿಯ ಕಾಗದಪತ್ರಗಳ ನಡುವೆ ಉಸಿರುಗಟ್ಟಿದ್ದ ನಟನು ಆ ಪೆಟ್ಟಿಗೆಯ ಮೂಲಕ ತಂದೆತಾಯಿಗಳ ರಂಗಕ್ಕೆ ಮರಳಿದಂತಾಯಿತು. ಹೊಸ ಮಾಧ್ಯಮದ ಕಷ್ಟವನ್ನೂ ಅವನು ಉಂಡನು. ವಾಡ್ವಿಲ್ಲಿನ ಆಟವೊಂದನ್ನು ಊರೂರಿಗೆ ಒಯ್ದು ವರ್ಷಗಟ್ಟಲೆ ಆಡಬಹುದಾಗಿತ್ತು. ಟೆಲಿವಿಷನ್ನಿನಲ್ಲಿ ಒಂದು ರಾತ್ರಿ ತೋರಿಸಿದ್ದು ಅಂದಿಗೇ ಹಳತು. ವಾರವಾರವೂ ಹೊಸ ಉಪಾಯ ಹುಡುಕುವ ಭಾರ ತಾಳಲಾರದೆ ಅವನು ಸ್ವಂತ ಕಾರ್ಯಕ್ರಮವನ್ನು ಬೇಗ ಕೈಬಿಟ್ಟನು.

ಆದರೆ ಅತಿಥಿನಟನಾಗಿ ಕೊನೆಯವರೆಗೂ ಟೆಲಿವಿಷನ್ನನ್ನು ಬಿಡಲಿಲ್ಲ. 1954ರಲ್ಲಿ ಗೊಗೋಲನ ‘ಮೇಲಂಗಿ’ ಕಥೆಯನ್ನು ಆಧರಿಸಿದ ‘ದಿ ಅವೇಕನಿಂಗ್’ ಎಂಬ ಕಿರುನಾಟಕದಲ್ಲಿ ಬಡ ಗುಮಾಸ್ತನ ಗಂಭೀರ ಪಾತ್ರವನ್ನು ವಹಿಸಿದನು. 1961ನೆಯ ಡಿಸೆಂಬರ್ 15ರಂದು ‘ಟ್ವೈಲೈಟ್ ಝೋನ್’ ಮಾಲೆಯಲ್ಲಿ ಪ್ರಸಾರವಾದ ಕಥೆಯೊಂದರಲ್ಲಿ 1890ರ ಜಾಡಮಾಲಿಯಾಗಿ ಕಾಣಿಸಿಕೊಂಡನು. ಅವನು ಒಂದು ಯಂತ್ರದ ಬಲದಿಂದ 1962ಕ್ಕೆ ಬಂದು ಬೀಳುತ್ತಾನೆ. ಆ ಕಥೆಯಲ್ಲಿ 1890ರ ಭಾಗವನ್ನು ಮೂಕಚಿತ್ರದ ರೀತಿಯಲ್ಲಿಯೇ ತೆಗೆದರು. ಜಾಹೀರಾತುಗಳಲ್ಲಿಯೂ ನಟಿಸಿದನು, ಅದರಿಂದ ತನ್ನ ಗೌರವಕ್ಕೆ ಕುಂದೆಂದು ಭಾವಿಸಲಿಲ್ಲ. ಸಣ್ಣ ಕೆಲಸವಾದರೂ ಬೀಳುವಾಗ ಸರಿಯಾಗಿಯೇ ಬೀಳಬೇಕೆಂಬುದು ಅವನ ಶ್ರದ್ಧೆ.

ಬೆಳ್ಳಿತೆರೆಯೂ ಅವನನ್ನು ಮತ್ತೆ ಕರೆಯಿತು. 1950ರ ‘ಸನ್‌ಸೆಟ್ ಬೂಲೆವಾರ್ಡ್’ನಲ್ಲಿ ಹಳೆಯ ಕಾಲದ ನಟನಾಗಿ ಇಸ್ಪೀಟಾಡುತ್ತ ಕುಳಿತನು. 1952ರ ‘ಲೈಮ್‌ಲೈಟ್’ನಲ್ಲಿ ಚಾಪ್ಲಿನ್ನನೊಡನೆ ರಂಗದ ಮೇಲೆ ಬಂದನು. 1957ರಲ್ಲಿ ಪ್ಯಾರಾಮೌಂಟ್ ಕಂಪನಿಯು ಅವನ ಜೀವನವನ್ನೇ ಚಿತ್ರವಾಗಿಸಿತು. ಚಿತ್ರವು ಸತ್ಯಕ್ಕೆ ದೂರವಾಗಿತ್ತು. ಅದರಿಂದ ಬಂದ ಹಣದಲ್ಲಿ ಕೀಟನ್ನನು ವುಡ್‌ಲ್ಯಾಂಡ್ ಹಿಲ್ಸ್ ಎಂಬಲ್ಲಿ ಮನೆ ಕೊಂಡು ಸುಖವಾಗಿ ನೆಲಸಿದನು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೀಟನ್ ದೊಡ್ಡ ಕಲಾವಿದನೆಂದು ಹಿರಿಯರು ಹೇಳಬಹುದು. ಕಿರಿಯರು ನಂಬುವುದು ಯಾವುದನ್ನು ನೋಡಿ? ಅವನ ಮೂಕಚಿತ್ರಗಳು ಆ ಹೊತ್ತಿಗೆ ಕಣ್ಮರೆಯಾಗುವುದರಲ್ಲಿದ್ದುವು. ಹಳೆಯ ಫಿಲ್ಮು ನೈಟ್ರೇಟಿನಿಂದ ಆದದ್ದು. ಅದು ಬೇಗ ಬೆಂಕಿ ಹಿಡಿಯುತ್ತದೆ. ಬೆಂಕಿ ತಗಲದಿದ್ದರೂ ಕಾಲಕ್ರಮದಲ್ಲಿ ಅಂಟಾಗಿ, ಪುಡಿಯಾಗಿ ನಾಶವಾಗುತ್ತದೆ. ಕೀಟನ್ನನು ಹಿಂದೆ ಕಟ್ಟಿಸಿ ಕಳೆದುಕೊಂಡಿದ್ದ ಭವ್ಯ ಮನೆಯನ್ನು ಮುಂದೆ ಇಂಗ್ಲಿಷ್ ನಟ ಜೇಮ್ಸ್ ಮೇಸನ್ ಕೊಂಡಿದ್ದನು. ಅಲ್ಲಿ ಮರೆತುಹೋಗಿದ್ದ ಫಿಲ್ಮಿನ ಸುರುಳಿಗಳು ಸಿಕ್ಕಿದುವು. ರೇಮಂಡ್ ರೋಹಾವರ್ ಎಂಬ ಚಿತ್ರಸಂಗ್ರಾಹಕನು 1954ರಲ್ಲಿ ಕೀಟನ್ನನನ್ನು ಕಂಡು, ಚದರಿದ್ದ ಪ್ರತಿಗಳನ್ನು ಕೂಡಿಸಿ, ಬೆಂಕಿ ಹಿಡಿಯದ ಹೊಸ ಫಿಲ್ಮಿಗೆ ಇಳಿಸುವ ಕಾರ್ಯಕ್ಕೆ ತೊಡಗಿದನು. ರೋಹಾವರನ ವ್ಯವಹಾರಗಳನ್ನು ಕುರಿತು ಬೇಕಾದಷ್ಟು ಟೀಕೆಗಳಿವೆ. ಅವನು ಕೈಹಾಕದಿದ್ದರೆ ಎಷ್ಟೋ ಚಿತ್ರಗಳು ಉಳಿಯುತ್ತಿರಲಿಲ್ಲವೆಂಬುದನ್ನು ಟೀಕಾಕಾರರೂ ಒಪ್ಪುತ್ತಾರೆ. 1960ರಲ್ಲಿ ಅಕಾಡೆಮಿಯು ಕೀಟನ್ನನಿಗೆ ಗೌರವ ಪ್ರಶಸ್ತಿ ನೀಡಿತು. ಯೂರೋಪಿನ ಚಿತ್ರಮಂದಿರಗಳಲ್ಲಿ ‘ದಿ ಜನರಲ್’ ಮತ್ತೆ ತೆರೆಯೇರಿತು.

1964ರಲ್ಲಿ, ಅರವತ್ತೊಂಬತ್ತರ ಹೊಸ್ತಿಲಲ್ಲಿ, ಅವನು ಕೆನಡಾಕ್ಕೆ ಹೋಗಿ ‘ದಿ ರೈಲ್‌ರಾಡರ್’ ಎಂಬ ಕಿರುಚಿತ್ರದಲ್ಲಿ ನಟಿಸಿದನು. ಸಂಭಾಷಣೆ ಇಲ್ಲ. ರೈಲು ಹಳಿಯ ಮೇಲೆ ಓಡುವ ಸಣ್ಣ ಮೋಟಾರು ಟ್ರಾಲಿಯಲ್ಲಿ ಕುಳಿತು ದೇಶದ ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಸಾಗುವ ಕಥೆ. ಎತ್ತರದ ಸೇತುವೆಯ ಮೇಲೆ ಹೋಗುವಾಗ ಬಿಚ್ಚಿದ ದೊಡ್ಡ ಭೂಪಟವು ಗಾಳಿಗೆ ತನ್ನ ಮೈಯನ್ನೆಲ್ಲ ಸುತ್ತಿಕೊಳ್ಳಬೇಕೆಂದು ಕೀಟನ್ನನು ಸೂಚಿಸಿದನು. ಅಪಾಯವೆಂದು ನಿರ್ದೇಶಕ ಜೆರಾಲ್ಡ್ ಪಾಟರ್ಟನ್ ಬೇರೆ ಏರ್ಪಾಡು ಮಾಡಿದಾಗ ಕೀಟನ್ನನು ಸಿಟ್ಟಾದನು; ವಾದ ನಡೆಯಿತು; ಕೊನೆಗೆ ಅವನು ಹೇಳಿದಂತೆಯೇ ಚಿತ್ರೀಕರಿಸಿದರು. ಇದೆಲ್ಲವೂ ಆ ಸಂದರ್ಭದಲ್ಲಿಯೇ ತೆಗೆದ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. 1928ರಲ್ಲಿ ಸಹಿಯೊಂದಿಗೆ ಕಳೆದುಹೋದ ಅಧಿಕಾರವನ್ನು ಆ ಮುದುಕನು ಒಂದು ಸೇತುವೆಯ ಮೇಲೆ ಮರಳಿ ಪಡೆದನೆಂದು ನಾವು ಭಾವಿಸುತ್ತೇವೆ.

ಅದೇ ವರ್ಷ ನಾಟಕಕಾರ ಸ್ಯಾಮ್ಯುಅಲ್ ಬೆಕೆಟ್ ಬರೆದ ‘ಫಿಲ್ಮ್’ ಎಂಬ ಮೂಕ ಕೃತಿಯಲ್ಲಿಯೂ ನಟಿಸಿದನು. ಮುಖ ತೋರುವುದು ಕಟ್ಟಕಡೆಯಲ್ಲಿ ಮಾತ್ರ. 1965ರ ವೆನಿಸ್ ಉತ್ಸವದಲ್ಲಿ ಸಭೆಯು ಎದ್ದುನಿಂತು ಅವನಿಗೆ ಗೌರವ ಸಲ್ಲಿಸಿತು. 1966ನೆಯ ಫೆಬ್ರವರಿ 1ರಂದು ಶ್ವಾಸಕೋಶದ ಅರ್ಬುದರೋಗದಿಂದ ಕೀಟನ್ನನು ತೀರಿಕೊಂಡನು. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ಶಾಶ್ವತವಾಗಿ ಕಾಪಾಡತಕ್ಕ ಚಿತ್ರಗಳ ಮೊದಲ ಪಟ್ಟಿಯನ್ನು ಪ್ರಕಟಿಸಿದಾಗ ಅದರ ಇಪ್ಪತ್ತೈದು ಹೆಸರುಗಳಲ್ಲಿ ‘ದಿ ಜನರಲ್’ ಸೇರಿತ್ತು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ಕಲಾವಿದನಿಗೆ ವೇತನದಷ್ಟೇ ಅವಶ್ಯವಾದುದು ತನ್ನ ಉಪಕರಣಗಳ ಮೇಲಿನ ಒಡೆತನ ಎಂಬುದು ಮೊದಲನೆಯದು. ಕಾಲ ಬದಲಾದಾಗ ಹೊಸ ಮಾಧ್ಯಮವನ್ನು ಹಳಿಯದೆ, ಬಲ್ಲ ವಿದ್ಯೆಯನ್ನು ಅದರಲ್ಲಿ ಬಿತ್ತಬಹುದೆಂಬುದು ಎರಡನೆಯದು. ಮೂರನೆಯದು ನಮಗೆ ಇನ್ನೂ ಹತ್ತಿರದ್ದು. ಕೀಟನ್ನನ ಕೀರ್ತಿ ಮರಳಿದ್ದು ಯಾರೋ ಕೆಲವರು ಸುರುಳಿಗಳನ್ನು ಕಸವೆಂದು ಎಸೆಯದೆ ಇದ್ದುದರಿಂದ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರಲ್ಲಿ ಗಡಿಯಾಚೆಯ ಕೊಲ್ಹಾಪುರದಲ್ಲಿ ತಯಾರಾಗಿ ತೆರೆಕಂಡಿತು. ಇಂದು ಅದನ್ನು ನೋಡೋಣವೆಂದರೆ ಪ್ರತಿಯಿಲ್ಲ. ನಮ್ಮ ಊರುಗಳಲ್ಲಿ ನಾಟಕಮಂಡಳಿಗಳ ಕರಪತ್ರಗಳು, ಮೇಳಗಳ ಹಾಸ್ಯಗಾರರ ಭಾವಚಿತ್ರಗಳು, ಕೈಬರಹದ ಪ್ರಸಂಗಗಳು ಇಂದಿಗೂ ಅಟ್ಟದ ಮೇಲಿವೆ. ಅವುಗಳನ್ನು ಇಳಿಸಿ, ಧೂಳು ಒರಸಿ, ಹೆಸರು ಇಸವಿಗಳನ್ನು ಬರೆದಿಡುವ ಕೆಲಸವನ್ನು ವಿದ್ಯಾರ್ಥಿಗಳೂ ಮಾಡಬಹುದು.

ಉಪಾಧ್ಯಾಯ ಮಿತ್ರರಲ್ಲಿ ಒಂದು ಅರಿಕೆ. ಕೀಟನ್ನನ 1920ರ ದಶಕದ ಚಿತ್ರಗಳು ಇಂದು ಸುಲಭವಾಗಿ ದೊರೆಯುತ್ತವೆ. ಮನೆಯಲ್ಲಿ ಬೇರೆ ಬೇರೆ ಭಾಷೆಗಳನ್ನಾಡುವ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿರುವ ನಮ್ಮ ಶಾಲೆಗಳಲ್ಲಿ ಅವುಗಳಲ್ಲಿ ಒಂದನ್ನು ತೋರಿಸಿರಿ. ನಡುವೆ ಬರುವ ಒಂದೆರಡು ಬರಹಗಳನ್ನು ಕನ್ನಡದಲ್ಲಿ ಓದಿ ಹೇಳಿದರೆ ಸಾಕು. ಮನೆಯ ಗೋಡೆ ಬಿದ್ದು, ಕಿಟಕಿಯ ಸಂದಿಯಲ್ಲಿ ಆ ಕಲ್ಲುಮೋರೆಯವನು ಹಾಗೆಯೇ ನಿಂತಿರುವಾಗ ಯಾವ ಮಗುವೂ ಅರ್ಥ ಕೇಳುವುದಿಲ್ಲ.